ಹುಡುಗಿ ಹೊಂಟೈತಿ

ಓದಿಗೆಂದು ಪರದೇಶಕ್ಕೆ ಹೋದವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಮಾನ ಇಳಿದ ಮೇಲಿನ ಕತೆಯನ್ನೇ ಹೇಳುತ್ತಾರೆ. ಪ್ರವೇಶಪತ್ರ ಕೈಗೆ ಬಂದ ದಿನದಿಂದ ಹೊರಡುವ ದಿನದವರೆಗಿನ ನಾಲ್ಕಾರು ತಿಂಗಳ ಕಾಯುವಿಕೆಯೂ ಒಂದು ವ್ಯಾಸಂಗವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜರ್ಮನ್ ಭಾಷೆಯಲ್ಲಿ ಈ ಅವಧಿಯ ಮನಃಸ್ಥಿತಿಗೆಂದೇ ಹೇಳಿಮಾಡಿಸಿದಂಥ ‘ಫೋರ್‌ಫ್ರಾಯ್ಡೆ’ ಎಂಬ ಪದವಿದೆ. ‘ಫೋರ್’ ಎಂದರೆ ಮುನ್ನ, ‘ಫ್ರಾಯ್ಡೆ’ ಎಂದರೆ ಸಂತೋಷ, ಎರಡೂ ಕೂಡಿದರೆ ಬರಲಿರುವುದನ್ನು ನೆನೆದು ಈಗಲೇ ಪಡುವ ಹಿಗ್ಗು. ಕನ್ನಡದಲ್ಲಿ ಇದರ ಹತ್ತಿರಕ್ಕೆ ಬರುವ ತವಕ, ಕಾತರ, ಹಂಬಲ ಎಂಬ ಮಾತುಗಳಲ್ಲಿ ಹಿಗ್ಗಿನ ಜೊತೆಗೆ ಒಂದಿಷ್ಟು ಸಂಕಟವೂ ಬೆರೆತಿರುವುದರಿಂದ, ಹೊರಡಲಿರುವ ವಿದ್ಯಾರ್ಥಿಯ ಮನಸ್ಸಿಗೆ ಅವೇ ಹೆಚ್ಚು ನಿಷ್ಠವಾಗಿವೆ ಎನ್ನಬೇಕು.

ಜರ್ಮನಿಗೆ ಹೊರಟವರ ಕೈಗೆ ಮೊದಲು ಬರುವುದು ಎಚ್ಚರಿಕೆಗಳ ಪಟ್ಟಿ. ಹೇಳಿದ ಸಮಯಕ್ಕೆ ಸರಿಯಾಗಿ ಹೋಗಬೇಕು, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರಾತ್ರಿ ಹತ್ತರ ನಂತರ ನೆರೆಯವರಿಗೆ ಸದ್ದು ಕೇಳಿಸಬಾರದು, ಖಾಲಿ ಬಾಟಲಿಯನ್ನು ಎಸೆಯದೆ ಮರಳಿಸಿ ಠೇವಣಿಯ 25 ಸೆಂಟ್ ಪಡೆಯಬೇಕು. ಇವೆಲ್ಲ ನಿಜವಾದರೂ ಹದಿನೈದು ದಿನಗಳಲ್ಲಿ ರೂಢಿಯಾಗಿಬಿಡುವ ಸಂಗತಿಗಳು. ಕಾಗದಪತ್ರಗಳ ದಾರಿಯೂ ಉದ್ದವಾದದ್ದೇ: ಭಾರತದ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ‘ಎಪಿಎಸ್’ ಎಂಬ ಪ್ರಮಾಣಪತ್ರ 2022ರ ನವೆಂಬರಿನಿಂದ ಕಡ್ಡಾಯವಾಗಿದೆ, ತಿಂಗಳಿಗೆ ಇಂತಿಷ್ಟೇ ತೆಗೆಯಲು ಬಿಡುವ, ವಿದ್ಯಾರ್ಥಿಗಳು ‘ಬ್ಲಾಕ್ಡ್ ಅಕೌಂಟ್’ ಎನ್ನುವ ಖಾತೆಯಲ್ಲಿ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ ತೋರಿಸಬೇಕಾಗಿ ಬಂದಿದೆ. ಸಾಲ ಮಾಡಿಯಾದರೂ ಈ ಮೊತ್ತವನ್ನು ಹೊಂದಿಸುವ ಮನೆಯ ಹಿರಿಯರ ಕಷ್ಟ ಸಣ್ಣದಲ್ಲ. ಆದರೂ ಈ ಪಟ್ಟಿಗಳು ಬೇಸರ ತರಿಸುವುದು ಏಕೆಂದರೆ, ಪರಕೀಯತೆ ಎಂಬುದು ನಡವಳಿಕೆಯ ನಿಯಮಗಳಲ್ಲಿದೆ ಎಂದೂ ನಿಯಮ ಕಲಿತರೆ ದೇಶವನ್ನೇ ಕಲಿತಂತೆ ಎಂದೂ ಅವು ನಂಬಿಸುತ್ತವೆ. ಒಂದು ದೇಶ ತನ್ನ ಅಪರಿಚಿತತೆಯನ್ನು ಬಚ್ಚಿಟ್ಟುಕೊಂಡಿರುವುದು ಅದರ ವ್ಯಾಕರಣದಲ್ಲಿ.

ಧಾರವಾಡದ ಒಂದು ಮನೆಯನ್ನು ಉದಾಹರಣೆಗೆ ನೋಡಬಹುದು. ಅಕ್ಟೋಬರಿನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರಿಗೆ ಹೊರಡಲಿರುವ ಆ ಮನೆಯ ವಿದ್ಯಾರ್ಥಿನಿಗೆ ಅಲ್ಲಿ ಪಾಠಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತವೆ. ಆದರೆ ಬ್ರೆಡ್ಡಿನ ಅಂಗಡಿ, ಬಾಡಿಗೆಯ ಕರಾರು, ಪುರಸಭೆಯಲ್ಲಿ ವಿಳಾಸ ನೋಂದಾಯಿಸುವ ಕಚೇರಿ ಯಾವುದೂ ತರಗತಿಯೊಳಗೆ ಇರುವುದಿಲ್ಲವೆಂದು ತಿಳಿದು ಆಕೆ ಜರ್ಮನ್ ಕಲಿಯತೊಡಗಿದ್ದಾಳೆ. ಮನೆಯ ಸಾಮಾನುಗಳ ಮೇಲೆಲ್ಲ ಚೀಟಿಗಳು ಅಂಟಿವೆ: ಪುಲ್ಲಿಂಗಕ್ಕೆ ನೀಲಿ, ಸ್ತ್ರೀಲಿಂಗಕ್ಕೆ ಕೆಂಪು, ನಪುಂಸಕಲಿಂಗಕ್ಕೆ ಹಸಿರು. ಜರ್ಮನ್ ಭಾಷೆಯ ಪ್ರತಿಯೊಂದು ನಾಮಪದದ ಮುಂದೆ ಅದರ ಲಿಂಗವನ್ನು ತಿಳಿಸುವ ‘ಡೇರ್’, ‘ಡೀ’, ‘ಡಾಸ್’ ಎಂಬ ಮೂರು ಸಣ್ಣ ಪದಗಳಲ್ಲಿ ಒಂದು ಬರುತ್ತದೆ; ಯಾವುದಕ್ಕೆ ಯಾವುದು ಎಂಬುದನ್ನು ಬಹುಮಟ್ಟಿಗೆ ಬಾಯಿಪಾಠ ಮಾಡಿಯೇ ಕಲಿಯಬೇಕು. ಮೇಜು ಗಂಡು, ಬಾಗಿಲು ಹೆಣ್ಣು, ಕಿಟಕಿ ನಪುಂಸಕ. ಒಂದೇ ತಟ್ಟೆಯ ಪಕ್ಕದಲ್ಲಿಡುವ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ನೀರಿನ ಕೊಡದ ಚೀಟಿ ದಿನವೂ ಬೆಳಿಗ್ಗೆ ತೊಯ್ದು ಉದುರುತ್ತದೆ, ದಿನವೂ ಹೊಸದು ಬೀಳುತ್ತದೆ. ಈಳಿಗೆಯ ಮೇಲಿನ ಚೀಟಿ ಮಾತ್ರ ಬಿಳಿಯದಾಗಿ ಖಾಲಿ ಉಳಿದಿದೆ. ಕೂತು, ಮಣೆಯನ್ನು ಕಾಲಿನಿಂದ ಅದುಮಿ ತರಕಾರಿ ಹೆಚ್ಚುವ ಆ ಸಾಧನಕ್ಕೆ ಆಕೆಯ ಕೈಪಿಡಿಯಲ್ಲಿ ಪದವೂ ಇಲ್ಲ, ಲಿಂಗವೂ ಇಲ್ಲ.

ಕನ್ನಡದಲ್ಲಿ ಬೆಳೆದವರಿಗೆ ಈ ಲಿಂಗವಿಚಾರ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಸಹಜ. ಕನ್ನಡದ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಗಂಡಸಾದರೆ ಬಂದನು, ಹೆಂಗಸಾದರೆ ಬಂದಳು, ಉಳಿದದ್ದೆಲ್ಲ ಬಂತು. ಹೀಗಿರುವಾಗ ‘ಹುಡುಗಿ’ ಎಂಬರ್ಥದ ‘ಮೇಡ್ಶೆನ್’ ಎಂಬ ಜರ್ಮನ್ ಪದ ನಪುಂಸಕಲಿಂಗ ಎಂದು ಕಲಿತ ದಿನ ಆ ವಿದ್ಯಾರ್ಥಿನಿಗೆ, ತಾನು ಹೋಗಲಿರುವ ದೇಶ ತನ್ನನ್ನು ಹಸಿರು ಚೀಟಿಗಳ ಸಾಲಿಗೆ ಸೇರಿಸಿತಲ್ಲಾ ಎಂಬ ಅಳುಕು ಹುಟ್ಟಿದರೆ ತಪ್ಪೇನಿಲ್ಲ. ಕಾರಣ ಸರಳವಾದದ್ದು: ಪದದ ಕೊನೆಯ ‘ಶೆನ್’ ಎಂಬುದು ಚಿಕ್ಕದು, ಮುದ್ದಿನದು ಎಂದು ಸೂಚಿಸುವ ಪ್ರತ್ಯಯ, ಅದು ಹತ್ತಿದ ಪದವೆಲ್ಲ ನಪುಂಸಕವಾಗುತ್ತದೆ. ಆದರೆ ಕಾರಣ ತಿಳಿದ ಮಾತ್ರಕ್ಕೆ ಅಳುಕು ಹೋಗುವುದಿಲ್ಲ. ಅದು ಹೋದದ್ದು ಅಡುಗೆಮನೆಯಲ್ಲಿ, ಅಜ್ಜಿ ಸೊಸೆಗೆ ಹೇಳಿದ ಒಂದು ಮಾತಿನಿಂದ: “ನಮ್ಮ ಹುಡುಗಿ ಭಾಳ ದೂರ ಹೊಂಟೈತಿ, ಅದಕ್ಕ ಇನ್ನೊಂದು ರೊಟ್ಟಿ ಹಾಕವಾ.” ಹೊಂಟಾಳ ಅಲ್ಲ, ಹೊಂಟೈತಿ. ಆಕಿಗೆ ಅಲ್ಲ, ಅದಕ್ಕ. ಅಕ್ಕರೆ ಉಕ್ಕಿದಾಗ ಕನ್ನಡವೂ ಹುಡುಗಿಯನ್ನು ನಪುಂಸಕಲಿಂಗಕ್ಕೆ ತಂದು ಮಡಿಲಲ್ಲಿ ಕೂರಿಸಿಕೊಳ್ಳುತ್ತದೆ.

ಇದು ಅಜ್ಜಿಯೊಬ್ಬರ ಬಾಯಿರೂಢಿಯಷ್ಟೇ ಅಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮೂರಲ್ಲ, ಒಂಬತ್ತು ಲಿಂಗಗಳನ್ನು ಎಣಿಸಿದ್ದಾನೆ; ಅವುಗಳಲ್ಲಿ ಒಂದಾದ ಸ್ತ್ರೀನಪುಂಸಕಲಿಂಗವೆಂದರೆ ಒಂದೇ ಪದ ಸ್ತ್ರೀಲಿಂಗವಾಗಿಯೂ ನಪುಂಸಕವಾಗಿಯೂ ನಡೆಯುವುದು. ಹುಡುಗಿ ಬಂದಳು, ಹುಡುಗಿ ಬಂತು, ಎರಡೂ ಶುದ್ಧ ಕನ್ನಡ. ಹಾಗೆಯೇ ಸೂರ್ಯ ಮೂಡಿದನು ಎಂದರೂ ಸರಿ, ಮೂಡಿತು ಎಂದರೂ ಸರಿ, ಅದು ಪುನ್ನಪುಂಸಕಲಿಂಗ. ಜರ್ಮನ್ನಿನಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ ಎಂದು ಕೇಳಿ ಬೆರಗಾಗುವವರು, ಅದೇ ಸೂರ್ಯನನ್ನು ಒಮ್ಮೆ ಅವನು, ಒಮ್ಮೆ ಅದು ಎನ್ನುವ ತಮ್ಮ ಭಾಷೆಯನ್ನು ಎಂದೂ ನಿಂತು ನೋಡಿರುವುದಿಲ್ಲ. ಶಾಲೆಯಲ್ಲಿ ಓದಿ ಅಂಕ ಪಡೆದು ಮರೆತ ಆ ಪಾಠ ಮತ್ತೆ ಜೀವ ಪಡೆಯಲು ಇನ್ನೊಂದು ಭಾಷೆಯ ಕಷ್ಟ ಬೇಕಾಯಿತು.

ಹೀಗೆ ಒಮ್ಮೆ ಕಣ್ಣು ತೆರೆದರೆ ಹೊಂದಿಕೆಗಳು ಒಂದರ ಹಿಂದೊಂದು ಬರುತ್ತವೆ. ಆಪ್ತರಿಗೆ ‘ಡು’, ಅಪರಿಚಿತರಿಗೂ ಹಿರಿಯರಿಗೂ ‘ಜೀ’ ಎಂಬ ಭೇದ, ಒಂದೇ ‘ಯೂ’ದಲ್ಲಿ ಎಲ್ಲವನ್ನೂ ಮುಗಿಸುವ ಇಂಗ್ಲಿಷಿನಿಂದ ಹೋದವರಿಗೆ ತೊಡಕಾಗಬಹುದು, ನೀನು, ನೀವು ಎಂದು ಅಳೆದು ಮಾತಾಡುವ ಕನ್ನಡಿಗರಿಗೆ ಅದು ಹುಟ್ಟಿನಿಂದ ಬಂದ ತಿಳಿವಳಿಕೆ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಗೌರವದ ಆ ‘ಜೀ’ ಮೂಲತಃ ‘ಅವರು’ ಎಂಬರ್ಥದ ಪ್ರಥಮ ಪುರುಷ ಬಹುವಚನ. ಕನ್ನಡದಲ್ಲಿಯೂ ಅತ್ಯಂತ ಗೌರವದ ಸಂಬೋಧನೆಯಾದ ‘ತಾವು’ ಎಂಬುದು ಪ್ರಥಮ ಪುರುಷದ ಬಹುವಚನವೇ. ಎದುರಿಗಿರುವವರನ್ನು ನೇರವಾಗಿ ಮುಟ್ಟದೆ, ದೂರದಲ್ಲಿರುವವರಂತೆ ಭಾವಿಸಿ ಮಾತಾಡುವುದೇ ಮರ್ಯಾದೆ ಎಂಬ ಒಂದೇ ತಿಳಿವಳಿಕೆ ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳಲ್ಲಿ ಬೇರೆಬೇರೆಯಾಗಿ ಬೆಳೆದಿದೆ. ಅವಲಂಬಿತ ವಾಕ್ಯದಲ್ಲಿ ಜರ್ಮನ್ ಭಾಷೆ ಕ್ರಿಯಾಪದವನ್ನು ಕೊನೆಗೆ ದೂಡುವುದೂ ಕನ್ನಡದ ಕಿವಿಗೆ ಹೊಸದಲ್ಲ. ಕೊನೆಯ ಪದದವರೆಗೆ ಅರ್ಥಕ್ಕಾಗಿ ಕಾಯುವುದು ಕನ್ನಡಿಗರಿಗೆ ದಿನದ ಅಭ್ಯಾಸ.

ಇದೇ ಧಾರವಾಡಕ್ಕೆ 1853ರಲ್ಲಿ, ಸೂಯೆಜ್ ಕಾಲುವೆ ತೆರೆಯುವುದಕ್ಕೆ 16 ವರ್ಷ ಮೊದಲು, ಜರ್ಮನಿಯಿಂದ 21 ವರ್ಷದ ತರುಣರೊಬ್ಬರು ಬಂದಿಳಿದಿದ್ದರು. ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರದೇಶದಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ ಅವರು ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು ಧರ್ಮಪ್ರಚಾರಕ್ಕೆಂದು ಹೊರಟವರು. ಕಿಟೆಲ್ ಅವರು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಮಂಗಳೂರಿನಲ್ಲಿ ಹೊರತಂದರು, 1903ರಲ್ಲಿ ಟ್ಯೂಬಿಂಗೆನ್ ನಗರದಲ್ಲಿ ತೀರಿಕೊಂಡರು. ಹುಡುಗಿ ಬಂದಳು, ಹುಡುಗಿ ಬಂತು ಎಂಬ ಭೇದವನ್ನು ಗುರುತಿಸಿದ ಗ್ರಂಥವನ್ನು ಸಿದ್ಧಪಡಿಸುವಾಗ ಅವರಿಗೆ ತಮ್ಮ ಭಾಷೆಯ ‘ಮೇಡ್ಶೆನ್’ ನೆನಪಾಗದೆ ಇದ್ದೀತೇ? ಈಗ ಅದೇ ಊರಿನಿಂದ ಎದುರು ದಿಕ್ಕಿಗೆ ಹೊರಟಿರುವ ಹುಡುಗಿಯ ಕಾತರಕ್ಕೆ ಈ ಹಿರಿಯರಿಗಿಂತ ಒಳ್ಳೆಯ ಸಂಗಾತಿ ಸಿಗುವುದು ಕಷ್ಟ.

ಕಾಯುವಿಕೆಯ ಬಗ್ಗೆ ಯೋಚಿಸುತ್ತ ಹೋದರೆ ಮನಸ್ಸು ಇನ್ನೊಂದು ಪದದ ಬಳಿ ನಿಲ್ಲುತ್ತದೆ. ಹೊರಡುವವರಿಗೆ ಹಿರಿಯರು ಶುಭ ‘ಹಾರೈಸುತ್ತಾರೆ’. ಈ ಹಾರೈಕೆಯ ಬೇರು ಹಳಗನ್ನಡದ ‘ಪಾರ್’. ನೋಡು, ಎದುರುನೋಡು, ಬಯಸು ಎಂದು ಅದರ ಅರ್ಥ, ತಮಿಳರು ಇಂದಿಗೂ ನೋಡುವುದಕ್ಕೆ ಬಳಸುವ ಮಾತೂ ಅದೇ. ಹಾಗಾದರೆ ಬಾಗಿಲಲ್ಲಿ ನಿಂತು ಹಾರೈಸುವ ಅಜ್ಜಿಯೂ ಬರಲಿರುವ ದಿನಗಳನ್ನು ಎದುರುನೋಡುವ ಮೊಮ್ಮಗಳೂ ಮಾಡುತ್ತಿರುವುದು ಒಂದೇ ಕೆಲಸ. ರೆಕ್ಕೆ ಬಡಿದು ಹಾರುವುದಕ್ಕೆ ಹಳಗನ್ನಡದಲ್ಲಿದ್ದ ಪದ ಬೇರೆ. ಅದು ಶಕಟರೇಫವೆಂದು ಕರೆಯುವ ಱಕಾರದ ‘ಪಾಱು’. ಕಾಲಾಂತರದಲ್ಲಿ ಪಕಾರ ಹಕಾರವಾಯಿತು, ಱಕಾರ ರಕಾರದಲ್ಲಿ ಲೀನವಾಯಿತು, ಆಸೆಯಿಂದ ಕಾಯುವ ‘ಹಾರು’ ಮತ್ತು ಆಕಾಶಕ್ಕೇರುವ ‘ಹಾರು’ ಕಿವಿಗೆ ಒಂದೇ ಆದವು. ವರ್ಣಮಾಲೆಯಿಂದ ಒಂದು ಅಕ್ಷರ ಮರೆಯಾದುದಕ್ಕೆ ವ್ಯಾಕರಣಜ್ಞರು ಮರುಗುವುದು ನ್ಯಾಯವೇ. ಆದರೆ ಆ ಅಕ್ಷರ ಹೋಗುವಾಗ ಎರಡು ಪದಗಳ ನಡುವಿನ ಗೋಡೆಯನ್ನೂ ತೆಗೆದುಕೊಂಡು ಹೋಯಿತು. ಅಳಿದ ಅಕ್ಷರಗಳು ಭಾಷೆಯಲ್ಲಿ ಹೀಗೆ ಇನ್ನೆಷ್ಟು ಬಾಗಿಲುಗಳನ್ನು ತೆರೆದಿಟ್ಟು ಹೋಗಿವೆಯೋ, ಅದನ್ನು ಹುಡುಕುವುದು ಇನ್ನೊಂದು ಬೆಳಗಿನ ಕೆಲಸ.