ಹಂಚಿನ ಹೊಟ್ಟೆಯ ಹೆಸರು

ನಾಣ್ಯ ಕೂಡಿಡುವ ನನ್ನ ಗೆಳೆಯನ ಸಂಪತ್ತೆಲ್ಲ ಎರಡು ಆಲ್ಬಮಿನಲ್ಲಿ ಹಿಡಿಸುತ್ತದೆ. ನನ್ನದನ್ನು ಸಾಗಿಸಲು ಆಟೋರಿಕ್ಷಾ ಬೇಕು. ಅವನಿಗೆ ಇಂಗ್ಲೆಂಡಿನ ವರ್ತಕರ ಹಳೆಯ ಬಿಲ್ಲೆಗಳೆಂದರೆ ಪ್ರಾಣ. ಹದಿನೆಂಟನೇ ಶತಮಾನದ ಕೊನೆಗೆ ಅಲ್ಲಿ ಸರಕಾರದ ಚಿಲ್ಲರೆ ಸಾಲದೆ ಹೋದಾಗ ಗಣಿಯವರು, ಅಂಗಡಿಯವರು ತಮ್ಮ ಹೆಸರು, ಊರು, ಇಸವಿ ಒತ್ತಿಸಿ ತಾವೇ ತಾಮ್ರದ ಕಾಸು ಹೊಡೆಸಿಕೊಂಡರು. ನಮ್ಮ ಮಂಗಳೂರಿನವರು ಅದನ್ನೇ ಮಣ್ಣಿನಲ್ಲಿ ಒತ್ತಿದ್ದಾರಲ್ಲ ಮಾರಾಯ, ಎಂದೆ. ಹಂಚೂ ಒಂದು ಸಂಗ್ರಹವಾ ಎಂದು ನಕ್ಕ.

ಹಂಚು ಮಳೆಗೆ ಬೆನ್ನು ಕೊಟ್ಟು, ಹೆಸರನ್ನು ಹೊಟ್ಟೆಯ ಕಡೆ ಇಟ್ಟುಕೊಂಡಿರುತ್ತದೆ. ಅದನ್ನು ಓದಬೇಕಾದರೆ ಮನೆಯೊಳಗೆ ಅಂಗಾತ ಮಲಗಬೇಕು. ಅಜ್ಜಿಮನೆಯ ಅಟ್ಟದಲ್ಲಿ ರೀಪುಗಳ ನಡುವೆ ಇಣುಕುವ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ್ದೇ ಈ ಹುಚ್ಚಿನ ಮೂಲ.

ಹೊಸಬರು ಏಮಾರುವುದು ಇಸವಿಯಲ್ಲಿ. ಜರ್ಮನ್ ಮಿಷನರಿ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಂಚಿನ ಮೇಲೆ 1865 ಎಂದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚಿನದಲ್ಲ. ಗುಜರಿಯವರು ಅದನ್ನೇ ತೋರಿಸಿ ರೇಟು ಏರಿಸುತ್ತಾರೆ. ನಾನೂ ಒಮ್ಮೆ ಕೊಟ್ಟು ಬಂದವನೇ. ಪ್ರಾಯ ತಿಳಿಯಬೇಕಾದರೆ ಹೆಸರು ನೋಡಬೇಕು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಉದ್ಯಮಗಳನ್ನು ಕಿತ್ತುಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಇಸವಿ ಅದೇ, ಯಜಮಾನ ಬೇರೆ. ಬಾಸೆಲ್ ಮಿಷನ್ ಎಂಬ ಅಕ್ಷರವಿದ್ದರೆ ಕೈಬದಲಾಗುವ ಮೊದಲಿನದೆಂದು ಊಹಿಸಬಹುದು.

ಕಳೆದ ಏಪ್ರಿಲ್‌ನಲ್ಲಿ ಮಂಗಳೂರಿನ ಬೋಳಾರದ ಒಂದು ಮನೆ ಕೆಡಹುತ್ತಿದ್ದರು. ಜೆಸಿಬಿ ಗೇಟಿನ ಹೊರಗೆ ಕಾಯುತ್ತಿತ್ತು. ಮಾಡಿನ ಮೇಲಿನವನು ಹಂಚು ಜಾರಿಸಿ ಕೊಡುತ್ತಿದ್ದ, ಕೆಳಗಿನವರು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೇಸ್ತ್ರಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ಟಣ್ ಎಂದರೆ ಅಟ್ಟಿಗೆ, ಬೊದ್ದ ಸದ್ದು ಬಂದರೆ ರಾಶಿಗೆ. ನಾನು ಕೈಹಾಕಿದ್ದು ರಾಶಿಗೆ.

“ಒಡಕು ಹಂಚು ಎಂತಕ್ಕೆ ಸರ್?”

“ಓದಲಿಕ್ಕೆ.”

ಮೇಸ್ತ್ರಿ ನನ್ನನ್ನೊಮ್ಮೆ, ಹಂಚನ್ನೊಮ್ಮೆ ನೋಡಿ ಸುಮ್ಮನಾದ. ಅಡುಗೆಕೋಣೆಯ ಮಾಡಿನದಾದ್ದರಿಂದ ಅದಕ್ಕೆ ಮಸಿ ಗಟ್ಟಿಯಾಗಿ ಹಿಡಿದಿತ್ತು. ಮನೆಗೆ ತಂದು ಒಂದು ರಾತ್ರಿ ನೀರಲ್ಲಿ ನೆನೆಸಿ, ತೆಂಗಿನ ನಾರಿನಿಂದ ಮೆಲ್ಲ ಉಜ್ಜಿದೆ. ತಂತಿಬ್ರಶ್ ಹಾಕಿದರೆ ಅಕ್ಷರದ ಅಂಚು ಹೋಗುತ್ತದೆ. ಮೊದಲು ಒಂದು ‘ಎ’ ಬಂತು, ಆಮೇಲೆ ‘ಎಲ್’. ಆಲ್ಬುಕರ್ಕ್! ಅದೇ ಬೋಳಾರದ, 1868ರಲ್ಲಿ ಶುರುವಾದ ಕಾರ್ಖಾನೆ. ಸಮುದ್ರ ದಾಟಿದ ಮಂಗಳೂರು ಹಂಚುಗಳ ಸುದ್ದಿ ಎಲ್ಲರಿಗೂ ಗೊತ್ತು. ಇದು ಮಾತ್ರ ಹುಟ್ಟಿದ ಕೇರಿಯಲ್ಲೇ ಉಳಿದದ್ದು.

ನಮ್ಮದು ಫ್ಲ್ಯಾಟು, ನಾಲ್ಕನೇ ಮಹಡಿ. ಹೆಸರು ಕಾಣಲೆಂದು ಹಂಚುಗಳನ್ನು ಬಾಲ್ಕನಿಯಲ್ಲಿ ಅಂಗಾತ ಇಟ್ಟಿದ್ದೇನೆ. ಹೆಂಡತಿ ಮೊದಮೊದಲು ಗೊಣಗಿದಳು. ಈಗ ಆಲ್ಬುಕರ್ಕ್ ಮೇಲೆ ಪುನರ್ಪುಳಿ ಸಿಪ್ಪೆ ಒಣಗುತ್ತಿದೆ. ನೋಡಬೇಕೆನಿಸಿದರೆ ನಾನು ಅವಳನ್ನು ಕೇಳಿ ಸಿಪ್ಪೆ ಸರಿಸಬೇಕು.