ಮೊಳೆ ಹೊಡೆಯಬಾರದ ಗೋಡೆ

ಬೆಂಗಳೂರಿನ ಬಾಡಿಗೆ ಕರಾರು ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. 11 ತಿಂಗಳ ಅವಧಿ, ಇಂತಿಷ್ಟು ಅಡ್ವಾನ್ಸು, ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು. ನಮ್ಮ ಪತ್ರದಲ್ಲಿ ಇವೆಲ್ಲದರ ಕೆಳಗೆ ಪೆನ್ನಿನಲ್ಲಿ ಬರೆದು ಸೇರಿಸಿದ ಇನ್ನೊಂದು ಸಾಲಿತ್ತು: ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಹೇಗೂ ಬಣ್ಣದ ದುಡ್ಡು ಹಿಡಿದುಕೊಳ್ಳುವವರು ಮೊಳೆಯ ತೂತಿಗೆ ಯಾಕೆ ಹೆದರುತ್ತಾರೆ ಎನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಮಾಲೀಕರಮ್ಮ ಮಾತ್ರ ಬಹಳ ಒಳ್ಳೆಯವರು. "ನೋಡಮ್ಮಾ, ಮೊಳೆ ಒಂದು ಬಿಟ್ಟು ಏನ್ ಬೇಕಾದ್ರೂ ಕೇಳು" ಎಂದಿದ್ದರು.

ಬಾಗಲಕೋಟೆ ಕಡೆಯ ನಮ್ಮ ಮನೆಯಲ್ಲಿ ಗೋಡೆ ಅಂದರೆ ಹೊರುವುದಕ್ಕೇ ಇದ್ದದ್ದು. ಒಂದೂವರೆ ಮೊಳ ದಪ್ಪದ ಗೋಡೆಯಲ್ಲಿ ದೀಪಕ್ಕೆ ಮಾಡ, ಅಂಗಿ ಪಟಗ ಸಿಗಿಸಲು ಗೂಟ. ಹಳೆಯ ಗೂಟಗಳಿಗೆ ಗಿಳಿಯ ಮೂತಿ ಕೆತ್ತಿರುತ್ತಿದ್ದುದರಿಂದ ಅವು ಗಿಳಿಗೂಟ. ಮೇಲೆ, ತೊಲೆಯ ಕೆಳಗೆ, ಸಾಲಾಗಿ ಫೋಟೋಗಳು. ಕೆಳಗೆರಡು ಮೊಳೆಯ ಮೇಲೆ ಕೂತು, ಮೇಲಿನ ದಾರಕ್ಕೆ ಜೋತು, ಮುಂದಕ್ಕೆ ಬಾಗಿ ಅವು ನಮ್ಮನ್ನು ನೋಡುತ್ತಿದ್ದವು. ಬಾಗಿದ್ದರಿಂದ ಹಿಂದೆ ಉಳಿಯುತ್ತಿದ್ದ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟುತ್ತಿತ್ತು. ಅಜ್ಜನ ತಲೆಯ ಹಿಂದಿನಿಂದ ಹುಲ್ಲುಕಡ್ಡಿ ಹೊರಗೆ ಇಣುಕಿದರೆ ಮರಿ ಹಾರುವ ತನಕ ಆ ಫೋಟೋವನ್ನು ಯಾರೂ ಒರೆಸುವಂತಿರಲಿಲ್ಲ. ಫ್ರೇಮು ಎಂಬ ಶಬ್ದವೂ ಆಗ ಇರಲಿಲ್ಲ. ಫೋಟೋಕ್ಕೆ ಕಟ್ಟು ಹಾಕಿಸುವುದು, ಅಷ್ಟೇ.

ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆ ಇರಲು ಬಂದಳು. ಎರಡು ಟ್ರಂಕು, ಒಂದು ಕಲಬತ್ತು, ಮತ್ತು ಇಳಕಲ್ ಸೀರೆಯಲ್ಲಿ ಸುತ್ತಿದ ಅಪ್ಪನ ಫೋಟೋ. ತೇಗದ ಕಟ್ಟು, ಗಾಜು. ಚೀಲಕ್ಕೆ ಹಾಕಿ ತೂಗಿದೆ: ಒಂದೂವರೆ ಕೆ.ಜಿ. ಅದರಲ್ಲಿ ಗಾಜಿನ ಪಾಲೇ ಅರ್ಧ ಕೆ.ಜಿ.ಗೆ ಮೇಲೆ, 2 ಮಿ.ಮೀ. ಗಾಜು ಒಂದು ಚದರ ಮೀಟರಿಗೆ 5 ಕೆ.ಜಿ. ತೂಗುತ್ತದೆ, ಲೆಕ್ಕ ಹಾಕಿ ನೋಡಿ. ಒಳಗಿರುವ ಅಪ್ಪನ ತೂಕ ಹತ್ತಿಪ್ಪತ್ತು ಗ್ರಾಂ. ಮಾಲೀಕರಮ್ಮನಿಗೆ ಫೋನು ಮಾಡಿದೆ. ಅವರು ಮರುಗಿದರು, ಆದರೆ ಮೊಳೆಗೆ ಒಪ್ಪಲಿಲ್ಲ. "ಬೀರು ಮೇಲೆ ಇಡಿ, ಎತ್ತರದಲ್ಲೇ ಇದ್ದಹಾಗಾಯ್ತು" ಎಂದರು.

ಬೀರುವಿನ ಮೇಲೆ ಅಪ್ಪ ಸೂಟ್‌ಕೇಸುಗಳ ಪಕ್ಕದಲ್ಲಿ ಕೂತ. ಅವ್ವ ಏನೂ ಅನ್ನಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಖಾಲಿ ಗೋಡೆಯನ್ನೊಮ್ಮೆ, ಬೀರುವನ್ನೊಮ್ಮೆ ನೋಡಿ ಒಳಗೆ ಹೋಗುತ್ತಿದ್ದಳು. ಆ ನೋಟ ತಡೆಯಲಾರದೆ ನಾನು ಕಟ್ಟು ಮಾಡುವ ಕೆಲಸಕ್ಕೆ ಕೈಹಾಕಿದ್ದು.

ಎರಡೂ ಬದಿ ಅಂಟುವ ಟೇಪನ್ನು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಗೆಳತಿಯ ಪಿ.ಜಿ. ಕೋಣೆಯಲ್ಲಿ ಅದು ಕಳಚುವಾಗ ಅಂಗೈಯಗಲ ಬಣ್ಣವನ್ನೂ ಸುಲಿದುಕೊಂಡು ಬಂದದ್ದನ್ನು ಕಂಡಿದ್ದೆ. ಹಗುರಾದದ್ದು ಬೇಕು, ಗೋಡೆಗೆ ತಾಗದೆ ತೂಗಬೇಕು. ಕಿರಾಣಿ ಅಂಗಡಿಯಿಂದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ತಂದೆ. ನಾಲ್ಕು ಪಟ್ಟಿ ಕತ್ತರಿಸಿ ಮೂಲೆ ಕೂಡಿಸುವ ಬದಲು ಒಂದೇ ಹಾಳೆಯ ನಡುವೆ ಕಿಟಕಿ ಕೊರೆಯುವುದು ಮೇಲು. ಮೂಲೆ ಬಿಚ್ಚುವ ಭಯವಿಲ್ಲ. ರಟ್ಟಿನೊಳಗೆ ಅಲೆಅಲೆಯಾಗಿ ಗೆರೆಗಳಿರುತ್ತವಲ್ಲ, ಒಂದು ಹಾಳೆಯ ಗೆರೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಬರುವಂತೆ ಎರಡನ್ನು ಅಂಟಿಸಿದರೆ ಪ್ಲೈವುಡ್ಡಿನ ಹಾಗೆ ಬಾಗದೆ ನಿಲ್ಲುತ್ತದೆ. ಅಂಟು ಮೈದಾದ್ದು. ಒಂದು ಪಾಲು ಮೈದಾಕ್ಕೆ ಐದು ಪಾಲು ನೀರು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಬಿಳುಪು ಹೋಗಿ ಗಂಜಿಯಂತಾಗುವ ತನಕ ಕಾಯಿಸಬೇಕು. ಪುಸ್ತಕ ಕಟ್ಟುವವರು ಹುಳು ಹಿಡಿಯದಿರಲಿ ಎಂದು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಅಡುಗೆಮನೆಯ ಪಾತ್ರೆ ಮುಟ್ಟಕೂಡದು. ಇನ್ನೊಂದು ಮಾತು: ಒಂದೇ ಮಗ್ಗುಲಿಗೆ ಕಾಗದ ಅಂಟಿಸಿದರೆ ಒಣಗುವಾಗ ರಟ್ಟು ಹಪ್ಪಳದಂತೆ ಮುದುರುತ್ತದೆ. ಎರಡೂ ಮಗ್ಗುಲಿಗೆ ಅಂಟಿಸಿ, ರಾತ್ರಿಯಿಡೀ ಭಾರ ಹೇರಬೇಕು.

ಭಾರಕ್ಕೆ ನನ್ನಲ್ಲಿದ್ದದ್ದು ಕಿಟ್ಟೆಲ್ ನಿಘಂಟು. 1,700ಕ್ಕೂ ಹೆಚ್ಚು ಪುಟ. ಆ ವಾರ ನಾನದನ್ನು ತೆರೆಯಲೇ ಇಲ್ಲ, ಆದರೂ ಅದು ದುಡಿಯಿತು. ಕಿಟ್ಟೆಲ್ ನಿಘಂಟು ಹೊರಬಂದದ್ದು 1894ರಲ್ಲಿ. ರಾಜಾ ರವಿವರ್ಮ ಮುಂಬೈಯಲ್ಲಿ ತನ್ನ ಮುದ್ರಣಾಲಯ ತೆರೆದದ್ದೂ ಅದೇ ವರ್ಷ. ಅರಮನೆಯ ಗೋಡೆಗಷ್ಟೇ ಇದ್ದ ಚಿತ್ರಗಳು ಬಣ್ಣದ ಅಚ್ಚಿನಲ್ಲಿ ಸಾಮಾನ್ಯರ ಮನೆಗೆ ಬಂದವು. ನಮ್ಮ ತೊಲೆಯ ಕೆಳಗೂ ಒಬ್ಬ ಲಕ್ಷ್ಮಿ ಇದ್ದಳು, ಅದೇ ವಂಶದವಳು. ಚಿತ್ರ ಅಗ್ಗವಾದರೂ ಅದಕ್ಕೆ ಹಾಕಿಸುವ ಕಟ್ಟು ಅಗ್ಗವಾಗಿರಕೂಡದು ಎಂಬ ಮರ್ಯಾದೆ ಮಾತ್ರ ಉಳಿದುಕೊಂಡಿತು.

ಆ ಮರ್ಯಾದೆಯೇ ಅಡ್ಡ ಬಂತು. ಮೊದಲ ಕಟ್ಟು ಒಣಗಿದಾಗ ಅವ್ವ ಬೆರಳಿಂದ ತಟ್ಟಿ ನೋಡಿದಳು. "ನಿಮ್ಮಪ್ಪಗ ರಟ್ಟಿನ ಕಟ್ಟ ಹಾಕ್ತಿ ಏನ? ಮಂದಿ ನೋಡಿದ್ರ ಏನಂತಾರ?" ಎಂದಳು. ಮಂದಿ ಯಾರೂ ನಮ್ಮ ಮನೆಗೆ ಬರುತ್ತಿರಲಿಲ್ಲ. ಆದರೂ ನಾನು ಒತ್ತಾಯ ಮಾಡಲಿಲ್ಲ.

ಆ ಕಟ್ಟನ್ನು ಬೇರೆಯದಕ್ಕೆ ಬಳಸಿದೆ. ಅವ್ವನ ಟ್ರಂಕಿನಲ್ಲಿ ಹರಿದ ಸೀರೆಯಿಂದ ಕತ್ತರಿಸಿಟ್ಟ ಕಸೂತಿಯ ತುಂಡೊಂದಿತ್ತು: ಗೋಪುರ, ತುಳಸಿಕಟ್ಟೆ. ಎಲ್ಲ ಗವಂತಿ ಹೊಲಿಗೆ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಸಂದುಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಗುರುತು ಗೀಚುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಹೀಗಾಗಿ ಅದಕ್ಕೆ ಮುಂದು ಹಿಂದು ಎಂಬುದೇ ಇಲ್ಲ, ಎರಡೂ ಕಡೆ ಒಂದೇ ರೂಪ. ಹಿಂದೆ ರಟ್ಟು ಯಾಕೆ ಬೇಕು ಹಾಗಾದರೆ? ಗೋಡೆಯಾದರೂ ಯಾಕೆ? ಎರಡು ಕಿಟಕಿ ರಟ್ಟುಗಳ ನಡುವೆ ಬಟ್ಟೆಯನ್ನು ಬಿಗಿದು, ಗಾಳದ ನೈಲಾನ್ ದಾರದಿಂದ ಪರದೆಯ ಕೊಳವೆಗೆ ತೂಗುಬಿಟ್ಟೆ. ಬಿಸಿಲು ನೇರ ಬೀಳದ ಉತ್ತರದ ಕಿಟಕಿ. ಬಣ್ಣ ಮಾಸುವ ಚಿಂತೆ ಕಡಿಮೆ. ಬೆಳಕು ಹಿಂದಿನಿಂದ ಬಂದಾಗ ಎಳೆ ಎಳೆಯೂ ಕಂಡಿತು. ಅವ್ವ ಬಾಲ್ಕನಿಗೆ ಹೋಗಿ ಆ ಕಡೆಯಿಂದಲೂ ನೋಡಿ ಬಂದಳು. ಇದನ್ನು ಹೊಲಿಯುವಾಗ ತನಗೆ ಹದಿನಾರು ವರ್ಷ ಎಂದು ಅವಳು ಹೇಳಿದ್ದು ಅವತ್ತೇ. ಅಷ್ಟು ವರ್ಷ ಅದು ಟ್ರಂಕಿನ ತಳದಲ್ಲಿತ್ತು.

ಒಂದು ಭಾನುವಾರ ನಾನು ಪೇಟೆಯಿಂದ ಬಂದಾಗ ಅವ್ವ ಅಪ್ಪನ ಫೋಟೋವನ್ನು ಬೀರುವಿನಿಂದ ಇಳಿಸಿಕೊಂಡು, ಬೋರಲು ಹಾಕಿ, ಅಡುಗೆಯ ಚಾಕುವಿನಿಂದ ಹಿಂದಿನ ಸಣ್ಣ ಮೊಳೆಗಳನ್ನು ಎಬ್ಬಿಸುತ್ತಿದ್ದಳು. ಕಂದು ಕಾಗದ ತೆಗೆದರೆ ಒಳಗೆ ಹಳೆಯ ಪೇಪರಿನ ಮಡಿಕೆ, ಅದರಡಿ ಯಾವುದೋ ಮಿಠಾಯಿ ಡಬ್ಬಿಯ ಮುಚ್ಚಳ. ಕಟ್ಟು ಹಾಕಿದವನು ಕೈಗೆ ಸಿಕ್ಕಿದ್ದನ್ನು ತುಂಬಿದ್ದ. ಅವ್ವ ಆ ಮುಚ್ಚಳವನ್ನು ಎತ್ತಿ ಹಿಡಿದು, "ಇದರಾಗೂ ರಟ್ಟ ಐತಲ್ಲ!" ಎಂದು ನಕ್ಕಳು. ಅವಳು ಹಾಗೆ ನಕ್ಕು ಬಹಳ ತಿಂಗಳಾಗಿತ್ತು. ಆಮೇಲೆ ತಾನೇ ಎದ್ದು ಟ್ರಂಕಿನಿಂದ ಗುಳೇದಗುಡ್ಡದ ಖಣವೊಂದನ್ನು ತಂದಳು, ಉಡಿ ತುಂಬಿದಾಗ ಬಂದದ್ದು, ಹೊಲಿಸದೆ ಉಳಿದದ್ದು. "ಇದನ್ನ ಸುತ್ತು. ಅಂಚು ಕಾಣಂಗ ಇರ್ಲಿ."

ಅಪ್ಪ ಕಸೂತಿಯ ಪಕ್ಕದಲ್ಲಿ, ಅದೇ ಕೊಳವೆಗೆ ತೂಗಿದ. ಗಾಜಿನ ಬದಲು ಪುಸ್ತಕದಂಗಡಿಯ ಪಾರದರ್ಶಕ ಹಾಳೆ. ಒಟ್ಟು ತೂಕ 150 ಗ್ರಾಂ ದಾಟಲಿಲ್ಲ. ಗಾಳಿ ಬಂದರೆ ಮೆಲ್ಲಗೆ ತಿರುಗಿ ರಸ್ತೆಯ ಕಡೆ ಮುಖ ಮಾಡುತ್ತಿದ್ದ. ಕೆಳಗೆ ಭಾರ ಕಟ್ಟಿ ನಿಲ್ಲಿಸುತ್ತೇನೆ ಎಂದರೆ ಅವ್ವ ಬೇಡವೆಂದಳು. ಅವನಿಗೆ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ನೋಡುವ ಚಟ ಮೊದಲಿನಿಂದಲೂ ಇತ್ತಂತೆ.

ಆ ಮನೆ ಬಿಟ್ಟ ದಿನ ಮಾಲೀಕರಮ್ಮ ಬಂದು ನಾಲ್ಕೂ ಗೋಡೆಗಳನ್ನು ಕೈಯಾಡಿಸಿ ನೋಡಿದರು. ಒಂದು ತೂತಿಲ್ಲ, ಒಂದು ಕಲೆಯಿಲ್ಲ. ಬಹಳ ಸಂತೋಷಪಟ್ಟರು, ಇಂಥ ಬಾಡಿಗೆಯವರು ಸಿಗುವುದಿಲ್ಲ ಎಂದರು. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಎಣಿಸಿ ಕೊಟ್ಟರು. ಅವ್ವ ಆಗಲೇ ಆಟೋದಲ್ಲಿ ಕೂತಿದ್ದಳು, ತೊಡೆಯ ಮೇಲೆ ಎರಡು ಕಟ್ಟುಗಳು. ತೇಗದ ಚೌಕಟ್ಟು ಸಾಮಾನಿನ ಗಾಡಿಯಲ್ಲಿ ಹಿಂದೆ ಬಂತು.