ಮಂಗರವಳ್ಳಿಯೂ ಮೂಳೆಯ ಸವೆತವೂ

ತುಮಕೂರು ಹೆದ್ದಾರಿಯ ಪಕ್ಕದ ನಾಗಸಂದ್ರವು ಮೊದಲು ಒಂದು ಹಳ್ಳಿ; ಪೀಣ್ಯದ ಕಾರ್ಖಾನೆಗಳು ಬೆಳೆದಂತೆಲ್ಲ ನಗರದೊಳಗೆ ಸೇರಿಹೋದ ಊರು. 2015ರಲ್ಲಿ ಮೆಟ್ರೋ ರೈಲೂ ಅಲ್ಲಿಗೆ ಬಂದಿತು. ಆದರೂ ಅಲ್ಲಿನ ಒಂದು ಹಳೆಯ ಮನೆಯ ಗೋಡೆಯ ಮೇಲೆ ಮಂಗರವಳ್ಳಿಯು ಇಂದಿಗೂ ಹಬ್ಬಿಕೊಂಡಿದೆ. ನಾಲ್ಕು ಅಂಚುಗಳುಳ್ಳ ಅದರ ಕಾಂಡವು ಗೆಣ್ಣುಗೆಣ್ಣಾಗಿ ಮೂಳೆಗಳನ್ನು ಪೋಣಿಸಿದ ಸರಪಣಿಯಂತೆ ಕಾಣುವುದು. ಸಂಸ್ಕೃತದಲ್ಲಿ ಅದಕ್ಕೆ ಅಸ್ಥಿಶೃಂಖಲಾ ಎಂಬ ಹೆಸರು ಬಂದುದು ಈ ರೂಪಕ್ಕೆ ಒಪ್ಪುವಂತೆಯೇ ಇದೆ. ಬೀದಿಯಲ್ಲಿ ಯಾರ ಕೈಕಾಲು ಮುರಿದರೂ ಆ ಮನೆಯ ಹಿರಿಯಾಕೆ ಎಳೆಯ ಕುಡಿಗಳನ್ನು ಚಿವುಟಿ ಕೊಟ್ಟು, “ತುಪ್ಪದಲ್ಲಿ ಚೆನ್ನಾಗಿ ಹುರಿದು, ಹುಣಿಸೆಹಣ್ಣು ಸೇರಿಸಿ ಅರೆಯಿರಿ, ಇಲ್ಲದಿದ್ದರೆ ಗಂಟಲು ಕೆರೆದೀತು” ಎಂದು ಎಚ್ಚರಿಸುತ್ತಿದ್ದಳು.

ಆಕೆಗೆ 64 ವರ್ಷವಾದಾಗ, ಒಂದು ಬೆಳಗ್ಗೆ ನೀರಿನ ಬಿಂದಿಗೆಯನ್ನೆತ್ತಲು ಬಾಗಿದವಳಿಗೆ ಬೆನ್ನಿನಲ್ಲಿ ಏನೋ ಚಳುಕೆಂದಿತು. ಬಿದ್ದುದಿಲ್ಲ, ಪೆಟ್ಟು ತಗುಲಿದುದಿಲ್ಲ. ಆದುದರಿಂದ ಉಳುಕೆಂದೇ ಎಲ್ಲರೂ ಭಾವಿಸಿದರು. ಆಕೆ ದಿನವೂ ತನ್ನ ಬಳ್ಳಿಯ ಚಟ್ನಿಯನ್ನೇ ಉಂಡಳು. ನೋವು ತಗ್ಗದಿರಲು, ದಾರಿಯ ಬದಿಯಲ್ಲಿ ಮಾರುತ್ತಿದ್ದ ಗಿಡಮೂಲಿಕೆಯ ಚೂರ್ಣವೊಂದನ್ನು ತರಿಸಿದಳು. ನಾಲ್ಕು ದಿನಗಳಲ್ಲಿ ನೋವು ಇಳಿಯಿತು; ನಂಬಿಕೆಯು ಏರಿತು. ಅದರಲ್ಲಿ ಏನಿದ್ದಿತೆಂಬುದನ್ನು ಯಾರೂ ಪರೀಕ್ಷಿಸಲಿಲ್ಲ. ಇಂತಹ ಚೂರ್ಣಗಳಲ್ಲಿ ಸ್ಟೀರಾಯಿಡ್ ಎಂಬ ಔಷಧವನ್ನು ಗುಟ್ಟಾಗಿ ಬೆರೆಸಿರುವುದು ಕೆಲವೆಡೆ ಬಯಲಾಗಿದೆ. ಅದು ನೋವನ್ನು ಬೇಗನೆ ಅಡಗಿಸುವುದು ನಿಜ. ಬಹುಕಾಲ ಸೇವಿಸಿದರೆ ಮೂಳೆಯನ್ನು ಸವೆಯಿಸುವುದೂ ಅಷ್ಟೇ ನಿಜ.

ನಿಜವನ್ನು ಮೊದಲು ಕಂಡವಳು ಸೊಸೆ. ಅಡಿಗೆಮನೆಯ ಮೇಲಿನ ಹಲಗೆಯ ಉಪ್ಪಿನಕಾಯಿ ಜಾಡಿಗೆ ಅತ್ತೆಯ ಕೈ ಎಟುಕದಿದ್ದುದನ್ನು ಆಕೆ ಗಮನಿಸಿದಳು.

“ಅತ್ತೆ, ಹೋದ ಯುಗಾದಿಗೆ ನೀವೇ ಇದನ್ನು ಇಳಿಸಿದಿರಲ್ಲವೆ?”

“ಹಲಗೆಯನ್ನು ಯಾರೋ ಮೇಲಕ್ಕೆ ಏರಿಸಿದ್ದಾರಮ್ಮ,” ಎಂದು ಹಿರಿಯಾಕೆ ನಕ್ಕಳು.

ಹಲಗೆಯು ಇದ್ದಲ್ಲಿಯೇ ಇದ್ದಿತು. ಕ್ಷಕಿರಣದ ಚಿತ್ರದಲ್ಲಿ ಬೆನ್ನುಮೂಳೆಯ ಒಂದು ಕಶೇರುವು ಕುಸಿದಿರುವುದು ಕಂಡಿತು. ಮೂಳೆಯ ಸಾಂದ್ರತೆಯನ್ನು ಅಳೆದಾಗ ಬಂದ ಅಂಕ ಋಣ 2.9. ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ಗೊತ್ತುಮಾಡಿದಂತೆ, ಋಣ 2.5 ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಅದು ರೋಗವೇ ಸರಿ.

ಈ ರೋಗದ ಕಾಲವನ್ನು ಪ್ರಾಚೀನರು ಅರಿಯದವರಲ್ಲ. ಸ್ತ್ರೀಯರಿಗೆ 50ನೆಯ ವರ್ಷದಲ್ಲಿ ರಜಸ್ಸು ನಿಲ್ಲುವುದೆಂದು ಸುಶ್ರುತನು ಹೇಳಿದನು. ಚೀನೀಯರ ‘ಹುವಾಂಗ್ ದಿ ನೇ ಜಿಂಗ್’ ಗ್ರಂಥವು ಹೆಣ್ಣಿನ ಆಯುಸ್ಸನ್ನು ಏಳೇಳು ವರ್ಷಗಳಾಗಿ ಎಣಿಸಿ, 49ರಲ್ಲಿ ಎಂದಿತು. ಮೂಳೆಯು ವಾತದ ನೆಲೆಯೆಂದೂ, ವಾತವು ಹೆಚ್ಚಿದರೆ ಮೂಳೆಯು ಕ್ಷಯಿಸುವುದೆಂದೂ ವಾಗ್ಭಟನ ಮತ. ಮೂಳೆಗೆ ಮೂತ್ರಪಿಂಡವೇ ಒಡೆಯನೆಂದು ಚೀನೀಯರ ಮತ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ರಸವು ಕುಂದಿ, ಮೂಳೆಯನ್ನು ಕರಗಿಸುವ ಕಣಗಳು ಕಟ್ಟುವ ಕಣಗಳನ್ನು ಮೀರುವುವೆಂದು ಇಂದಿನ ವೈದ್ಯರು ವಿವರಿಸುವರು.

ಮೂಲಿಕೆಗಳ ವಿಚಾರವಾದರೋ ಇಷ್ಟು ಸುಲಭವಲ್ಲ. ಚೀನದಲ್ಲಿ ಒಂದು ಜರೀಗಿಡದ ಬೇರುಗಾಂಡಕ್ಕೆ ಗು ಸುಯಿ ಬು, ಅಂದರೆ ‘ಮುರಿದ ಮೂಳೆಯನ್ನು ಸರಿಪಡಿಸುವುದು’ ಎಂದು ಹೆಸರು. ನಮ್ಮಲ್ಲಿ ತೊನ್ನಿಗೆ ಬಳಸುವ ಬಾವಂಚಿಯ ಬೀಜವನ್ನು ಅಲ್ಲಿ ಮೂಳೆಯ ಬಲಕ್ಕೂ ಕೊಡುವರು. ಅದನ್ನು ಸೇವಿಸಿದ ಕೆಲವರ ಪಿತ್ತಜನಕಾಂಗಕ್ಕೆ ಹಾನಿಯಾದುದೂ ವರದಿಯಾಗಿದೆ. ಹೆಸರು ಹಾರೈಕೆಯನ್ನು ತಿಳಿಸೀತು. ಫಲವನ್ನು ಪರೀಕ್ಷೆಯೇ ತಿಳಿಸಬೇಕು. ಮಂಗರವಳ್ಳಿಯನ್ನು ಹಾಗೆ ಪರೀಕ್ಷೆಗೆ ಒಡ್ಡಿದವರಲ್ಲಿ ಮೊದಲಿಗರು ದಕ್ಷಿಣ ಕನ್ನಡ ಸೀಮೆಯಿಂದ ಕಾಶಿಗೆ ಹೋಗಿ ಹೆಸರಾಂತ ಶಸ್ತ್ರವೈದ್ಯರಾದ ಕೆ. ಎನ್. ಉಡುಪರು. ಜಿ. ಸಿ. ಪ್ರಸಾದರೊಡನೆ ಅವರು 1964ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪ್ರಾಣಿಗಳ ಮುರಿದ ಮೂಳೆಯು ಈ ಬಳ್ಳಿಯಿಂದ ಬೇಗನೆ ಕೂಡಿಕೊಂಡಿತು. ಆದರೆ ಮುರಿದುದು ಕೂಡುವುದು ಬೇರೆ, ಒಳಗಿಂದೊಳಗೆ ಸವೆಯುವುದು ನಿಲ್ಲುವುದು ಬೇರೆ. ಮೊದಲನೆಯದರ ಸಾಕ್ಷ್ಯವು ಎರಡನೆಯದಕ್ಕೆ ಸಲ್ಲದು. ಚರಕನೂ ಅಸ್ಥಿರೋಗವನ್ನು ಒಂದು ಬಳ್ಳಿಗೆ ಒಪ್ಪಿಸಿ ಸುಮ್ಮನಾಗಲಿಲ್ಲ. ಕಹಿ ದ್ರವ್ಯಗಳಿಂದ ಸಿದ್ಧಪಡಿಸಿದ ಹಾಲುತುಪ್ಪಗಳನ್ನೂ ಬಸ್ತಿಚಿಕಿತ್ಸೆಯನ್ನೂ ಹೇಳಿದನು.

ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಹಿರಿಯಾಕೆ ಮೊದಲು ಮುಟ್ಟಲೊಲ್ಲಳು. “ನಮ್ಮಮ್ಮನೂ ಹುಟ್ಟಿದಂದಿನಿಂದ ಇದನ್ನೇ ತಿಂದಳು” ಎಂದು ಬಳ್ಳಿಯ ಕಡೆಗೆ ಕೈತೋರಿದಳು. ತೋರಿದವಳು ಅಲ್ಲಿಗೇ ಸುಮ್ಮನಾದಳು. ಆ ತಾಯಿಯು ಕೊನೆಯ ಹತ್ತು ವರ್ಷ ನೆಲವನ್ನೇ ನೋಡುತ್ತ ನಡೆದವಳು. ಅದನ್ನು ಮನೆಯವರೆಲ್ಲ ವಯಸ್ಸೆಂದು ಕರೆದಿದ್ದರು. ರೋಗವೆಂದು ಯಾರೂ ಕರೆದಿರಲಿಲ್ಲ. ಮನೆಮಂದಿಗೆಲ್ಲ ಹಾಲು ಬಡಿಸಿ, ಮಿಕ್ಕಿದ ನೀರುಮಜ್ಜಿಗೆಯನ್ನು ಆಕೆ ಕುಡಿಯುತ್ತಿದ್ದುದೂ ಆಗ ಮಗಳ ನೆನಪಿಗೆ ಬಂದಿತು.

ಈಗ ಚೂರ್ಣವು ನಿಂತಿದೆ. ಅದನ್ನು ಕುರಿತು ವೈದ್ಯರಿಗೆ ಮುಚ್ಚಿಡದೆ ಹೇಳಿದುದೂ ಆಗಿದೆ. ರಾಗಿಯ ಮುದ್ದೆಯೊಡನೆ ಹಾಲುಮೊಸರು ಆಕೆಯ ಎಲೆಗೂ ಬರುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲೆ ಸುಣ್ಣದ ಅಂಶವಿದೆಯಷ್ಟೆ. ವಾರಕ್ಕೊಮ್ಮೆ ಬರಿಹೊಟ್ಟೆಯಲ್ಲಿ ಗುಳಿಗೆಯನ್ನು ನುಂಗಿ ಅರ್ಧ ಗಂಟೆಯವರೆಗೆ ಮಲಗಬಾರದೆಂಬುದು ನಿಯಮ. ಆ ಅರ್ಧ ಗಂಟೆಯನ್ನು ಆಕೆ ಎಳೆಬಿಸಿಲಿನಲ್ಲಿ ಬಳ್ಳಿಯ ಬಳಿ ಕಳೆಯುವಳು. ಕುಡಿ ಕೇಳಿಕೊಂಡು ಬಂದವರಿಗೆ ಇಂದಿಗೂ ಇಲ್ಲವೆನ್ನಳು. ಆದರೆ ಬಂದವಳು 50 ದಾಟಿದವಳಾದರೆ, ಕೊಡುವುದಕ್ಕೆ ಮುಂಚೆ ಒಂದು ಮಾತು ಕೇಳುವಳು: “ಮೂಳೆಯನ್ನು ಅಳೆಯಿಸಿದೆಯಾ, ತಾಯಿ?”

ಉಪ್ಪಿನಕಾಯಿಯ ಜಾಡಿಯನ್ನು ಸೊಸೆಯು ಕೆಳಗಿನ ಹಲಗೆಗೆ ಇಳಿಸಿಟ್ಟಿದ್ದಾಳೆ.